ದೊಡ್ಡವರ ಬಾಲ್ಯ, ಚಿಕ್ಕವರ ಪುಸ್ತಕ: ಅಮೆರಿಕದ ಆರಂಭಕಾಲದ ವ್ಯಕ್ತಿಗಳನ್ನು ಕುರಿತ ಮಕ್ಕಳ ಜೀವನಚರಿತ್ರೆಗಳು



ಮಕ್ಕಳಿಗಾಗಿ ಬರೆದ ಜೀವನಚರಿತ್ರೆಗೆ ನಮ್ಮ ಸಾಹಿತ್ಯ ವಿಮರ್ಶೆ ಇನ್ನೂ ಮಣೆ ಹಾಕಿಲ್ಲ. ಕಾವ್ಯ, ಕಾದಂಬರಿ, ನಾಟಕಗಳ ಚರ್ಚೆ ಮುಗಿದ ಮೇಲೆ ಆತ್ಮಕಥೆಯ ಸರದಿ ಬರುತ್ತದೆ. ಅದೂ ಮುಗಿದರೆ ಮಕ್ಕಳ ಸಾಹಿತ್ಯಕ್ಕೆಂದು ಒಂದು ಪ್ಯಾರಾ ಉಳಿಯುತ್ತದೆ. ಅಲ್ಲಿಯೂ ಶಿಶುಗೀತೆಯದೇ ಮೇಲುಗೈ. ಆದರೆ ನಮ್ಮಲ್ಲಿ ಬಹುಪಾಲು ಮಂದಿ ಚರಿತ್ರೆಯ ಹೊಸ್ತಿಲು ತುಳಿದದ್ದು ನಲವತ್ತೈವತ್ತು ಪುಟಗಳ ಇಂಥ ಪುಸ್ತಕಗಳ ಮೂಲಕವೇ. ಎಂಟು ಹತ್ತರ ವಯಸ್ಸಿನಲ್ಲಿ ಮನಸ್ಸಿನಲ್ಲಿ ಕೂತ ವ್ಯಕ್ತಿಚಿತ್ರವನ್ನು ಮುಂದೆ ಓದಿದ ಸಂಶೋಧನ ಗ್ರಂಥಗಳು ತಿದ್ದಬಹುದು, ಅಳಿಸಲಾರವು.

ಈ ಪ್ರಕಾರವನ್ನು ಪರಿಶೀಲಿಸಲು ನಾನು ಅಮೆರಿಕವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣಗಳಿವೆ. ಅಲ್ಲಿ ಮಕ್ಕಳ ಜೀವನಚರಿತ್ರೆಗೆ ಎರಡು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ಅದು ಮಾಡಿದ ತಪ್ಪುಗಳೂ ಆ ತಪ್ಪುಗಳ ಮೇಲೆ ನಡೆದ ವಾಗ್ವಾದಗಳೂ ಅಚ್ಚಿನಲ್ಲಿ ಉಳಿದಿವೆ. 1776ರ ಸ್ವಾತಂತ್ರ್ಯ ಘೋಷಣೆಗೆ 2026ಕ್ಕೆ 250 ವರ್ಷ. ಅಲ್ಲದೆ, ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಶಾಲೆಗೆ ಹೋಗುವ ಕನ್ನಡ ಮನೆಗಳ ಮಕ್ಕಳಿಗೆ ವಾಷಿಂಗ್ಟನ್, ಫ್ರಾಂಕ್ಲಿನ್‌ರ ಕಥೆ ಪರದೇಶದ ಕಥೆಯಲ್ಲ, ತಮ್ಮ ತರಗತಿಯ ಪಾಠ.

ನನ್ನ ವಾದವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ಮಕ್ಕಳ ಜೀವನಚರಿತ್ರೆಯ ಬೆಲೆ ಅದರ ನಾಯಕ ಎಷ್ಟು ದೊಡ್ಡವನು ಎಂಬುದರಿಂದ ನಿರ್ಧಾರವಾಗುವುದಿಲ್ಲ. ಗೊತ್ತಿರುವುದು ಎಲ್ಲಿಗೆ ಮುಗಿಯಿತು, ಊಹೆ ಎಲ್ಲಿಂದ ಶುರುವಾಯಿತು ಎಂಬ ಗಡಿಯನ್ನು ಲೇಖಕ ಮಗುವಿಗೆ ತೋರಿಸುತ್ತಾನೆಯೇ ಎಂಬುದೇ ಅದರ ಒರೆಗಲ್ಲು. ವಯಸ್ಕ ಓದುಗ ಒಂದು ಪುಸ್ತಕವನ್ನು ಇನ್ನೊಂದರ ಪಕ್ಕ ಇಟ್ಟು ತಾಳೆ ನೋಡಬಲ್ಲ. ಮಗುವಿಗೆ ಆ ಸೌಕರ್ಯವಿಲ್ಲ. ಅದು ನಂಬಿ ಓದುತ್ತದೆ. ಆದ್ದರಿಂದ ಮಕ್ಕಳಿಗೆ ಬರೆಯುವವರ ಮೇಲಿನ ಸತ್ಯದ ಹೊಣೆ ದೊಡ್ಡವರಿಗೆ ಬರೆಯುವವರ ಹೊಣೆಗಿಂತ ಹೆಚ್ಚಿನದು.

1. ಖಾಲಿ ಬಾಲ್ಯ

ಜಾರ್ಜ್ ವಾಷಿಂಗ್ಟನ್ ತೀರಿಕೊಂಡದ್ದು 1799ರ ಡಿಸೆಂಬರ್ 14ರಂದು. ಮರುವರ್ಷವೇ ಸುಮಾರು 80 ಪುಟಗಳ ಒಂದು ಚಿಕ್ಕ ಚರಿತ್ರೆ ಹೊರಬಂತು. ಬರೆದವನು ಮೇಸನ್ ಲಾಕ್ ವೀಮ್ಸ್. ಮೇರಿಲ್ಯಾಂಡಿನಲ್ಲಿ ಹುಟ್ಟಿದ ಈತ ಪಾದ್ರಿಯೂ ಹೌದು, ಫಿಲಡೆಲ್ಫಿಯಾದ ಪ್ರಕಾಶಕ ಮ್ಯಾಥ್ಯೂ ಕೇರಿಯ ಪರವಾಗಿ ಊರೂರು ತಿರುಗಿ ಪುಸ್ತಕ ಮಾರುತ್ತಿದ್ದವನೂ ಹೌದು. ವಾಷಿಂಗ್ಟನ್ ಬಗ್ಗೆ ಓದಲು ಲಕ್ಷಾಂತರ ಜನ ಬಾಯಿಬಿಟ್ಟು ಕಾಯುತ್ತಿದ್ದಾರೆ ಎಂಬ ಅರ್ಥದ ಪತ್ರವನ್ನು ಆತ ಪ್ರಕಾಶಕನಿಗೆ ಬರೆದ. ಓದುಗರ ನಾಡಿ ಹಿಡಿಯುವುದರಲ್ಲಿ ಅವನು ತಪ್ಪಲಿಲ್ಲ.

ಅದೇ ಕಾಲದಲ್ಲಿ ಇನ್ನೊಂದು ಚರಿತ್ರೆಯೂ ಬರುತ್ತಿತ್ತು. ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ 1804ರಿಂದ 1807ರವರೆಗೆ ಐದು ಸಂಪುಟಗಳಲ್ಲಿ ವಾಷಿಂಗ್ಟನ್ ಚರಿತ್ರೆಯನ್ನು ಪ್ರಕಟಿಸಿದ. ವಾಷಿಂಗ್ಟನ್‌ನ ಸ್ವಂತ ಕಾಗದಪತ್ರಗಳು ಅವನ ಕೈಯಲ್ಲಿದ್ದವು. ಆದರೆ ಮೊದಲ ಸಂಪುಟ ಪೂರ್ತಿ ವಸಾಹತುಗಳ ಇತಿಹಾಸಕ್ಕೇ ಮೀಸಲು. ನಾಯಕ ಹುಟ್ಟಬೇಕಾದರೆ ಓದುಗ ಎರಡನೆಯ ಸಂಪುಟದವರೆಗೆ ಕಾಯಬೇಕು. ಈ ಐದು ಸಂಪುಟಗಳಿಗೆ ಚಂದಾದಾರರನ್ನು ಹುಡುಕುತ್ತ ತಿರುಗಿದವನೂ ವೀಮ್ಸನೇ. ಭಾರವಾದ ಸತ್ಯ ಏಕೆ ಬಿಕರಿಯಾಗುವುದಿಲ್ಲ ಎಂಬುದನ್ನು ಅವನು ಮನೆಬಾಗಿಲುಗಳಲ್ಲಿ ನಿಂತು ಕಲಿತಿರಬೇಕು.

ವೀಮ್ಸನ ಪುಸ್ತಕ ಬೆಳೆಯುತ್ತ ಹೋಯಿತು. ಚೆರ್ರಿ ಮರದ ಪ್ರಸಿದ್ಧ ಕಥೆ ಮೊದಲ ಮುದ್ರಣದಲ್ಲಿ ಇರಲಿಲ್ಲ. ಅದು ಸೇರಿದ್ದು 1806ರ ಐದನೆಯ ಮುದ್ರಣದಲ್ಲಿ. ಆರು ವರ್ಷದ ಹುಡುಗನಿಗೆ ಒಂದು ಕೈಗೊಡಲಿ ಸಿಗುತ್ತದೆ, ಅಪ್ಪನ ಪ್ರೀತಿಯ ಮರದ ತೊಗಟೆಯನ್ನು ಕೊಚ್ಚುತ್ತಾನೆ, ಕೇಳಿದಾಗ ಸುಳ್ಳು ಹೇಳದೆ ಒಪ್ಪಿಕೊಳ್ಳುತ್ತಾನೆ, ಅಪ್ಪ ಬಾಚಿ ತಬ್ಬಿಕೊಳ್ಳುತ್ತಾನೆ. ವೀಮ್ಸನ ಮಾತಿನಲ್ಲಿ ಮರ ಗಾಯಗೊಂಡದ್ದು ಮಾತ್ರ; ಅದನ್ನು ನೆಲಕ್ಕೆ ಉರುಳಿಸಿದ್ದು ಅನಂತರದವರು. ಈ ಕಥೆಗೆ ಆಧಾರವೆಂದು ಅವನು ಹೇಳುವುದು ಮನೆತನಕ್ಕೆ ಬೇಕಾದ ಒಬ್ಬ ವೃದ್ಧೆಯ ಮಾತನ್ನು. ಆಕೆಯ ಹೆಸರಿಲ್ಲ, ಬೇರೆ ಯಾವ ದಾಖಲೆಯೂ ಇಲ್ಲ. ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ: ಜಾರ್ಜನ ಹೆಸರಿನ ಅಕ್ಷರಗಳಲ್ಲಿಯೇ ತೋಟದಲ್ಲಿ ಸಸಿಗಳು ಮೊಳೆಯುತ್ತವೆ, ತಾನಾಗಿ ಏನೂ ಆಗುವುದಿಲ್ಲ, ಎಲ್ಲದರ ಹಿಂದೆ ಒಬ್ಬ ಕರ್ತೃವಿದ್ದಾನೆ ಎಂದು ಅಪ್ಪ ಮಗನಿಗೆ ತಿಳಿಸುತ್ತಾನೆ. ಸ್ಕಾಟ್ಲೆಂಡಿನ ಚಿಂತಕ ಜೇಮ್ಸ್ ಬೀಟಿ ತನ್ನ ಮಗನಿಗೆ ದೇವರನ್ನು ಪರಿಚಯಿಸಿದ ರೀತಿಯನ್ನು ವೀಮ್ಸ್‌ಗಿಂತ ಮೊದಲೇ ಹೀಗೆಯೇ ಬರೆದಿದ್ದ.

ಸುಳ್ಳು ಹೇಳಬಾರದೆಂಬ ಕಥೆಯೇ ಕಟ್ಟುಕಥೆ ಎಂಬ ವ್ಯಂಗ್ಯವನ್ನು ಎಲ್ಲರೂ ಗುರುತಿಸಿದ್ದಾರೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಅದನ್ನು ಕಟ್ಟುವ ಅಗತ್ಯ ಏಕೆ ಬಂತು ಎಂಬುದು. ವಾಷಿಂಗ್ಟನ್‌ಗೆ 11 ವರ್ಷವಾದಾಗ, 1743ರಲ್ಲಿ, ಅವನ ತಂದೆ ಅಗಸ್ಟಿನ್ ತೀರಿಕೊಂಡ. ಬಾಲ್ಯಕ್ಕೆ ಸಂಬಂಧಿಸಿದ ಕಾಗದಗಳು ಬಹಳ ಕಡಿಮೆ. ಸಭ್ಯ ನಡವಳಿಕೆಯ 110 ನಿಯಮಗಳನ್ನು ನಕಲು ಮಾಡಿದ ಶಾಲೆಯ ಬರವಣಿಗೆ ಇದೆ. ಅದರಿಂದ ಹುಡುಗನ ಕೈಬರಹ ತಿಳಿಯುತ್ತದೆ, ಹುಡುಗ ತಿಳಿಯುವುದಿಲ್ಲ. ಮಕ್ಕಳು ಕೇಳುವುದು ಮಗುವಿನ ಕಥೆಯನ್ನು. ಚರಿತ್ರೆ ಕೂಡಿಡುವುದು ದೊಡ್ಡವರಾದ ಮೇಲಿನ ಕಾಗದಗಳನ್ನು. ಮಕ್ಕಳ ಜೀವನಚರಿತ್ರೆಯ ಎಲ್ಲ ಇಕ್ಕಟ್ಟುಗಳೂ ಹುಟ್ಟುವುದು ಈ ಎರಡರ ನಡುವಿನ ಖಾಲಿ ಜಾಗದಲ್ಲಿ. ವೀಮ್ಸ್ ಆ ಜಾಗವನ್ನು ಕಂಡ, ತುಂಬಿದ, ತುಂಬಿದ್ದೇನೆಂದು ಹೇಳಲಿಲ್ಲ.

ಅವನ ಪರವಾಗಿ ಒಂದು ಮಾತನ್ನೂ ಹೇಳಬೇಕು. ಚೆರ್ರಿ ಮರದ ಕಥೆಯನ್ನು ಮತ್ತೆ ಓದಿದರೆ ಅದರ ನಿಜವಾದ ಕೇಳುಗ ಮಗುವಲ್ಲ, ತಂದೆ ಎಂದು ತೋರುತ್ತದೆ. ಬೆತ್ತವೇ ಶಿಕ್ಷಣವೆಂದು ನಂಬಿದ್ದ ಕಾಲದಲ್ಲಿ, ನಿಜ ಹೇಳಿದ ಮಗನನ್ನು ಹೊಡೆಯದೆ ತಬ್ಬಿಕೊಳ್ಳುವ ಅಪ್ಪನನ್ನು ವೀಮ್ಸ್ ಚಿತ್ರಿಸಿದ. ಹೊಡೆತದ ಭಯವೇ ಮಕ್ಕಳಿಗೆ ಸುಳ್ಳು ಕಲಿಸುತ್ತದೆ ಎಂಬ ಎಚ್ಚರಿಕೆ ಆ ಕಥೆಯ ಸುತ್ತಲೂ ಇದೆ. ಅವನ ಶಿಕ್ಷಣತತ್ತ್ವ ಅವನ ಚರಿತ್ರೆಗಿಂತ ಗಟ್ಟಿಯಾಗಿತ್ತು. ಆದರೆ ಆ ತತ್ತ್ವವನ್ನು ಹೇಳಲು ನಿಜವಾದ ಒಬ್ಬ ಮನುಷ್ಯನ ಹೆಸರು ಬೇಕಿರಲಿಲ್ಲ.

2. ಕಥೆ ಮಾಡುವ ಕೆಲಸ

ಇಲ್ಲಿ ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪಣೆ ಇದೆ. ಅದನ್ನು ಎತ್ತುವವರು ಅಬ್ರಹಾಂ ಲಿಂಕನ್ ಹೆಸರು ಹೇಳುತ್ತಾರೆ. 1861ರ ಫೆಬ್ರವರಿಯಲ್ಲಿ, ಅಧ್ಯಕ್ಷ ಪದವಿ ವಹಿಸಿಕೊಳ್ಳಲು ಹೋಗುತ್ತಿದ್ದ ಲಿಂಕನ್ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಶಾಸನಸಭೆಯ ಮುಂದೆ ಮಾತನಾಡುತ್ತ, ತಾನು ಚಿಕ್ಕಂದಿನಲ್ಲಿ ಓದಿದ ವೀಮ್ಸನ ಪುಸ್ತಕವನ್ನು ನೆನೆದ. ಅವನ ಮನಸ್ಸಿನಲ್ಲಿ ನಿಂತದ್ದು ಚೆರ್ರಿ ಮರವಲ್ಲ. ಚಳಿಯಲ್ಲಿ ನದಿ ದಾಟಿ ಟ್ರೆಂಟನ್‌ನಲ್ಲಿ ಹೋರಾಡಿದ ಸೈನಿಕರ ಕಷ್ಟ. ಅಷ್ಟು ಕಷ್ಟಪಟ್ಟರೆಂದರೆ ಅವರು ಹೋರಾಡಿದ್ದು ಸಾಮಾನ್ಯವಾದ ಯಾವುದಕ್ಕೋ ಇರಲಾರದು ಎಂದು ಹುಡುಗನಾಗಿದ್ದಾಗಲೇ ತನಗೆ ಅನ್ನಿಸಿತ್ತು ಎಂದ. ಆಧಾರ ದುರ್ಬಲವಾದ ಪುಸ್ತಕವೂ ಇಂಥ ಓದುಗನನ್ನು ಬೆಳೆಸಿತಲ್ಲ, ಹಾಗಿದ್ದರೆ ದೂರೇಕೆ?

ಉತ್ತರ ಆ ನೆನಪಿನಲ್ಲಿಯೇ ಇದೆ. ಲಿಂಕನ್‌ನನ್ನು ಹಿಡಿದು ನಿಲ್ಲಿಸಿದ ಭಾಗ ನಡೆದದ್ದು. 1776ರ ಕ್ರಿಸ್‌ಮಸ್ ರಾತ್ರಿ ಡೆಲವೇರ್ ನದಿ ದಾಟಿದ್ದು, ಮರುಬೆಳಗ್ಗೆ ಟ್ರೆಂಟನ್ ಯುದ್ಧ ನಡೆದದ್ದು ಚರಿತ್ರೆಯ ಸಂಗತಿಗಳು. ಹುಡುಗನಲ್ಲಿ ಆಲೋಚನೆಯನ್ನು ಹುಟ್ಟಿಸಿದ್ದು ಅವು. ಕಟ್ಟಿದ ಭಾಗ ಬೇರೆ ಕೆಲಸ ಮಾಡಿತು: ಮೆಗಫಿಯ ವಾಚಿಕೆಗಳಂಥ ಶಾಲಾ ಪಠ್ಯಗಳಿಗೆ ಹೋಗಿ, ತಲೆಮಾರುಗಳ ಕಾಲ ಕಂಠಪಾಠದ ನೀತಿಯಾಗಿ ಉಳಿಯಿತು. ನಡೆದ ಸಂಗತಿ ಮಗುವಿನಲ್ಲಿ ಪ್ರಶ್ನೆ ಎಬ್ಬಿಸುತ್ತದೆ. ಕಟ್ಟಿದ ಸಂಗತಿ ಉತ್ತರವನ್ನು ಜೊತೆಗೇ ತಂದಿರುತ್ತದೆ.

ಬೆಂಜಮಿನ್ ಫ್ರಾಂಕ್ಲಿನ್ ವಿಷಯದಲ್ಲಿ ತೊಡಕು ಇನ್ನೊಂದು ಬಗೆಯದು. ಅವನ ಬಾಲ್ಯ ಖಾಲಿಯಿಲ್ಲ, ಅವನೇ ತುಂಬಿಟ್ಟಿದ್ದಾನೆ. 1771ರಲ್ಲಿ ಬರೆಯಲು ಕುಳಿತ ಆತ್ಮಕಥೆಯಲ್ಲಿ, ಬಾಸ್ಟನ್‌ನ ಮೇಣದಬತ್ತಿ ತಯಾರಕನ ಮಗ, 12ನೆಯ ವಯಸ್ಸಿಗೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದ್ದು, 1723ರಲ್ಲಿ ಫಿಲಡೆಲ್ಫಿಯಾಕ್ಕೆ ಓಡಿಹೋದದ್ದು ಎಲ್ಲವೂ ಇದೆ; 13 ಸದ್ಗುಣಗಳ ಪಟ್ಟಿಯೂ ಇದೆ. ಮಕ್ಕಳಿಗೆ ಬರೆಯುವವನಿಗೆ ಇದಕ್ಕಿಂತ ಸಿದ್ಧ ಸಾಮಗ್ರಿ ಬೇರೆ ಬೇಕೆ? ವೀಮ್ಸನೂ ಬಳಸಿದ, ನಥಾನಿಯಲ್ ಹಾಥಾರ್ನ್ 1842ರ ತನ್ನ ಮಕ್ಕಳ ಜೀವನಕಥೆಗಳಲ್ಲಿ ಬಳಸಿದ, ಇಂದಿನವರೂ ಬಳಸುತ್ತಾರೆ. ಆದರೆ ತನ್ನ ಬದುಕನ್ನು ತಾನೇ ಪಾಠವಾಗಿ ಜೋಡಿಸಿದ ಮನುಷ್ಯನ ಮಾತನ್ನು ಹಾಗೆಯೇ ಇಳಿಸಿಕೊಂಡರೆ ಅದು ಜೀವನಚರಿತ್ರೆಯಾಗದು, ವಕಾಲತ್ತು ಆಗುತ್ತದೆ. ಅದೇ ಫ್ರಾಂಕ್ಲಿನ್ ಗುಲಾಮರನ್ನು ಇಟ್ಟುಕೊಂಡಿದ್ದ; ಕೊನೆಗಾಲದಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾಗಿ 1790ರಲ್ಲಿ ಕಾಂಗ್ರೆಸ್ಸಿಗೆ ಮನವಿ ಕಳಿಸಿದ. ಮನಸ್ಸು ಬದಲಾದ ಮುದುಕನ ಕಥೆ, ಮೊದಲಿನಿಂದಲೂ ಜಾಣನಾಗಿದ್ದ ಹುಡುಗನ ಕಥೆಗಿಂತ ಮಕ್ಕಳಿಗೆ ಹೆಚ್ಚು ಕಲಿಸಬಲ್ಲದು.

ಚಿತ್ರಗಳೂ ಕಥೆ ಕಟ್ಟುತ್ತವೆ. 1752ರ ಗಾಳಿಪಟದ ಪ್ರಯೋಗದ ಪ್ರಸಿದ್ಧ ಚಿತ್ರಗಳಲ್ಲಿ ಫ್ರಾಂಕ್ಲಿನ್ ಪಕ್ಕ ಒಬ್ಬ ಪುಟ್ಟ ಹುಡುಗ ನಿಂತಿರುತ್ತಾನೆ. ಆ ಹುಡುಗ ಅವನ ಮಗ ವಿಲಿಯಂ. ಆಗ ಅವನಿಗೆ 20 ದಾಟಿತ್ತು. ಪುಟದ ಮೇಲೊಂದು ಮಗು ಬೇಕೆಂಬ ಆಸೆ ಬೆಳೆದ ಯುವಕನನ್ನು ಕುಗ್ಗಿಸಿತು.

3. ಮೊಳಕೆಯ ಸಿದ್ಧಾಂತ

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಕಾರ ಕೈಗಾರಿಕೆಯ ಪ್ರಮಾಣಕ್ಕೆ ಬೆಳೆಯಿತು. ಇಂಡಿಯಾನಾಪೊಲಿಸ್‌ನ ಬಾಬ್ಸ್-ಮೆರಿಲ್ ಸಂಸ್ಥೆ 1932ರಲ್ಲಿ ಪ್ರಸಿದ್ಧ ಅಮೆರಿಕನ್ನರ ಬಾಲ್ಯ ಎಂಬ ಮಾಲೆಯನ್ನು ಆರಂಭಿಸಿತು. ಮೊದಲ ಪುಸ್ತಕ ಆಗಸ್ಟಾ ಸ್ಟೀವನ್‌ಸನ್ ಬರೆದ ಲಿಂಕನ್‌ನ ಬಾಲ್ಯ. ಆಕೆ ಶಾಲಾ ಶಿಕ್ಷಕಿಯಾಗಿದ್ದವರು. ಮಾಲೆ ಬೆಳೆದು 200ನ್ನು ದಾಟಿತು. ಕಿತ್ತಳೆ ಬಣ್ಣದ ರಟ್ಟು, ಕಪ್ಪು ನೆರಳಿನ ಚಿತ್ರಗಳು, ಸುಲಭದ ಮಾತು, ತುಂಬ ಸಂಭಾಷಣೆ. ಫ್ರಾಂಕ್ಲಿನ್ ಮುದ್ರಕನ ಹುಡುಗ, ವಾಷಿಂಗ್ಟನ್ ಮುಂದಾಳು ಹುಡುಗ: ಹೆಸರಿನ ಪಕ್ಕದಲ್ಲಿಯೇ ಭವಿಷ್ಯ. ಪುಸ್ತಕದ ಬಹುಭಾಗ ಬಾಲ್ಯಕ್ಕೆ. ಯಾವ ಸಾಧನೆಗಾಗಿ ಆ ವ್ಯಕ್ತಿಯನ್ನು ನೆನೆಯುತ್ತೇವೆಯೋ ಅದು ಕೊನೆಯ ಒಂದೆರಡು ಅಧ್ಯಾಯಗಳಿಗೆ.

ಈ ಪುಸ್ತಕಗಳು ಮಾಡಿದ ಒಳ್ಳೆಯದನ್ನು ಮರೆಮಾಚಬಾರದು. ಆರ್ಥಿಕ ಕುಸಿತದ ದಿನಗಳಲ್ಲಿ, ಓದಲು ತಡವರಿಸುವ ಮಕ್ಕಳಿಗೂ ಇಡೀ ಪುಸ್ತಕವನ್ನು ಓದಿ ಮುಗಿಸಿದ ಹೆಮ್ಮೆಯನ್ನು ಅವು ಕೊಟ್ಟವು. ಶಾಲೆಯ ಚರಿತ್ರೆ ಗಂಡಸರ ಪಟ್ಟಿಯಾಗಿದ್ದ ಕಾಲದಲ್ಲಿ ಹುಡುಗಿಯರ ಬಾಲ್ಯಗಳನ್ನೂ, ಬೂಕರ್ ಟಿ. ವಾಷಿಂಗ್ಟನ್, ಜಾರ್ಜ್ ಕಾರ್ವರ್‌ರಂಥ ಕಪ್ಪು ಜನರ ಬಾಲ್ಯಗಳನ್ನೂ ಕಪಾಟಿಗೆ ತಂದವು. ನಮ್ಮಲ್ಲಿ 1970ರ ದಶಕದಲ್ಲಿ ಪ್ರೊ. ಎಲ್. ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಸಾಹಿತ್ಯ ಹೊರತಂದ ಭಾರತ-ಭಾರತಿ ಪುಸ್ತಕ ಸಂಪದ 500ಕ್ಕೂ ಹೆಚ್ಚು ಕಿರುಹೊತ್ತಿಗೆಗಳಿಂದ ಕನ್ನಡದ ಮಕ್ಕಳನ್ನು ತಲುಪಿತು. ಒಂದೇ ಅಳತೆಯ, ಅಗ್ಗದ, ಕೈಗೆಟಕುವ ಪುಸ್ತಕಮಾಲೆ ಒಂದು ತಲೆಮಾರಿನ ಓದನ್ನು ಹೇಗೆ ರೂಪಿಸುತ್ತದೆ ಎಂಬುದು ಈ ಸಭೆಯಲ್ಲಿರುವ ಅನೇಕರಿಗೆ ಸ್ವಾನುಭವದಿಂದ ಗೊತ್ತು.

ಆದರೂ ಮಾಲೆಗಳ ಒಳಗೆ ಒಂದು ಸಿದ್ಧಾಂತ ಅಡಗಿರುತ್ತದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ನಮ್ಮ ಗಾದೆ ಅದನ್ನು ಚೆನ್ನಾಗಿ ಹೇಳುತ್ತದೆ. ಮುಂದೆ ಸೇನಾಪತಿಯಾದವನು ಆಟದಲ್ಲಿಯೂ ಸೇನಾಪತಿ. ಮುಂದೆ ದಾದಿಯಾದವಳು ಗೊಂಬೆಗೂ ಪಟ್ಟಿ ಕಟ್ಟಿದವಳು. ಪೈರು ಬೆಳೆದ ಮೇಲೆ ಮೊಳಕೆಯನ್ನು ಹೊಗಳುವುದು ಸುಲಭ. ಆದರೆ ಅದೇ ಹೊಲದಲ್ಲಿ ಅಷ್ಟೇ ಹಸಿರಾಗಿ ಮೊಳೆತು ಒಣಗಿಹೋದವುಗಳ ಲೆಕ್ಕವನ್ನು ಗಾದೆ ಇಡುವುದಿಲ್ಲ. ಈ ಸಿದ್ಧಾಂತ ಚರಿತ್ರೆಯಿಂದ ಆಕಸ್ಮಿಕವನ್ನು ತೆಗೆದುಹಾಕುತ್ತದೆ. ವಾಷಿಂಗ್ಟನ್‌ಗೆ ಜಮೀನು, ಬಂಧುಬಳಗ, ಗುಲಾಮರ ದುಡಿಮೆ ಒದಗಿಸಿದ್ದ ಅವಕಾಶವನ್ನು ಮರೆಸಿ ಎಲ್ಲವನ್ನೂ ಗುಣದ ಲೆಕ್ಕಕ್ಕೆ ಬರೆಯುತ್ತದೆ. ಓದುವ ಮಗುವಿನ ಮೇಲೂ ಅದರ ಭಾರ ಬೀಳುತ್ತದೆ: ತನ್ನಲ್ಲಿ ಈಗಲೇ ಲಕ್ಷಣ ಕಾಣದಿದ್ದರೆ ತಾನು ಯಾವ ಪುಸ್ತಕಕ್ಕೂ ಸೇರದವನು ಎಂಬ ಭಾವನೆಗೆ ಅದು ದಾರಿ ಮಾಡುತ್ತದೆ.

4. ನಗು ಮತ್ತು ನಿಖರತೆ

ಈ ಸಂಪ್ರದಾಯವನ್ನು ಒಳಗಿನಿಂದಲೇ ಬದಲಾಯಿಸಿದವರಲ್ಲಿ ಪ್ರಮುಖರು ಜೀನ್ ಫ್ರಿಟ್ಜ್. ಅವರು 1915ರಲ್ಲಿ ಹುಟ್ಟಿದ್ದು ಚೀನಾದ ಹ್ಯಾಂಕೌನಲ್ಲಿ, ಅಮೆರಿಕನ್ ಮಿಷನರಿ ದಂಪತಿಗಳ ಮಗಳಾಗಿ, ತೀರಿಕೊಂಡದ್ದು 2017ರಲ್ಲಿ. ತಾನು ಕಾಣದ ಸ್ವದೇಶವನ್ನು ಹಂಬಲಿಸುತ್ತ ಬೆಳೆದ ಹುಡುಗಿ ಮುಂದೆ ಆ ದೇಶದ ಚರಿತ್ರೆಯನ್ನು ಹೊಸಬರ ಕುತೂಹಲದಿಂದ ಓದಿದರು. 1973ರಲ್ಲಿ ಪಾಲ್ ರೆವಿಯರ್ ಕುರಿತ ಪುಸ್ತಕ ಬಂತು. ಆಮೇಲೆ ಕ್ರಾಂತಿಕಾಲದ ನಾಯಕರಾದ ಸ್ಯಾಮ್ಯುಯೆಲ್ ಆಡಮ್ಸ್, ಪ್ಯಾಟ್ರಿಕ್ ಹೆನ್ರಿ, ಫ್ರಾಂಕ್ಲಿನ್, ಜಾನ್ ಹ್ಯಾನ್‌ಕಾಕ್ ಬಂದರು; 1977ರಲ್ಲಿ ಎದುರಾಳಿಯಾದ ಬ್ರಿಟನ್ನಿನ ದೊರೆ ಮೂರನೆಯ ಜಾರ್ಜ್‌ಗೂ ಒಂದು ಪುಸ್ತಕ ಸಿಕ್ಕಿತು.

ಫ್ರಿಟ್ಜ್ ಹಾಕಿಕೊಂಡ ಕಟ್ಟಳೆ ಸರಳ: ದಾಖಲೆಯಲ್ಲಿಲ್ಲದ ಮಾತನ್ನು ಪಾತ್ರಗಳ ಬಾಯಿಗೆ ಹಾಕಬಾರದು. ಪತ್ರ, ದಿನಚರಿ, ಸಮಕಾಲೀನರ ಬರಹಗಳಲ್ಲಿ ಸಿಕ್ಕ ಮಾತಿಗೆ ಮಾತ್ರ ಉದ್ಧರಣ ಚಿಹ್ನೆ. ಹಾಗೆಂದು ಪುಸ್ತಕ ಒಣಗಲಿಲ್ಲ. ಕುದುರೆ ಏರಲು ಒಪ್ಪದೆ ಕಾಲ್ನಡಿಗೆಯಲ್ಲೇ ಬಾಸ್ಟನ್ ಸುತ್ತಿ ಕ್ರಾಂತಿಗೆ ಜನ ಕಟ್ಟುತ್ತಿದ್ದ ಸ್ಯಾಮ್ಯುಯೆಲ್ ಆಡಮ್ಸ್‌ನನ್ನು 1775ರಲ್ಲಿ ಬಂಧು ಜಾನ್ ಆಡಮ್ಸ್ ಪುಸಲಾಯಿಸಿ ಕುದುರೆ ಹತ್ತಿಸಿದ ಸಂಗತಿಯ ಸುತ್ತ ಅವರು ಇಡೀ ಪುಸ್ತಕ ಹೆಣೆದರು. ದಾಖಲೆಗಳಲ್ಲಿ ನಗು ಇಲ್ಲವೆಂದವರು ದಾಖಲೆಗಳನ್ನು ಓದಿದವರಲ್ಲ.

ಪಾಲ್ ರೆವಿಯರ್ ಉದಾಹರಣೆಯನ್ನು ತುಸು ಬಿಡಿಸಿ ನೋಡೋಣ. 1775ರ ಏಪ್ರಿಲ್ 18ರ ರಾತ್ರಿ ಬ್ರಿಟಿಷ್ ಸೈನ್ಯ ಹೊರಟಿದೆಯೆಂಬ ಸುದ್ದಿಯನ್ನು ಹೊತ್ತು ಅವನು ಕುದುರೆ ಓಡಿಸಿದ. ಲಾಂಗ್‌ಫೆಲೊ 1860ರಲ್ಲಿ ಬರೆದ ಕವಿತೆ ಅವನನ್ನು ಕಾಂಕರ್ಡ್‌ವರೆಗೂ ಒಬ್ಬಂಟಿಯಾಗಿ ತಲುಪಿಸಿತು. ವಾಸ್ತವದಲ್ಲಿ ವಿಲಿಯಂ ಡಾಸ್ ಬೇರೆ ದಾರಿಯಿಂದ ಅದೇ ಸುದ್ದಿ ಒಯ್ದ; ಲೆಕ್ಸಿಂಗ್ಟನ್ ದಾಟಿದ ಮೇಲೆ ರೆವಿಯರ್ ಬ್ರಿಟಿಷ್ ಗಸ್ತಿನ ಕೈಗೆ ಸಿಕ್ಕಿಬಿದ್ದ; ಕಾಂಕರ್ಡ್ ತಲುಪಿದವನು ಡಾಕ್ಟರ್ ಸ್ಯಾಮ್ಯುಯೆಲ್ ಪ್ರೆಸ್ಕಾಟ್. ಬಿಡುಗಡೆಯಾದ ರೆವಿಯರ್ ಲೆಕ್ಸಿಂಗ್ಟನ್‌ಗೆ ಮರಳಿ, ಗುಂಡಿನ ಕಾಳಗ ಶುರುವಾಗುವ ಹೊತ್ತಿನಲ್ಲಿ ಹ್ಯಾನ್‌ಕಾಕ್‌ನ ಕಾಗದಪತ್ರಗಳ ಪೆಟ್ಟಿಗೆಯನ್ನು ಸಾಗಿಸಲು ಕೈಜೋಡಿಸಿದ. ಇದರಿಂದ ಅವನ ಘನತೆ ಕುಂದಿತೇ? ಕುಂದಲಿಲ್ಲ. ದೊಡ್ಡ ಕೆಲಸ ಹಲವರ ಕೈಯಲ್ಲಿ ಆಗುತ್ತದೆ, ನಡುವೆ ಕೆಟ್ಟುಹೋಗುತ್ತದೆ, ಮತ್ತೆ ಮುಂದುವರಿಯುತ್ತದೆ ಎಂಬುದು ಒಬ್ಬನೇ ಸವಾರನ ಕಥೆಯಲ್ಲಿ ಸಿಗದ ತಿಳಿವಳಿಕೆ.

ಫ್ರಿಟ್ಜ್ 1981ರಲ್ಲಿ ಬೆನೆಡಿಕ್ಟ್ ಆರ್ನಲ್ಡ್‌ನ ಚರಿತ್ರೆ ಬರೆದಾಗ ಈ ಪ್ರಕಾರ ಇನ್ನೊಂದು ಗಡಿ ದಾಟಿತು. 1777ರಲ್ಲಿ ಸರಟೋಗಾ ಕಾಳಗದಲ್ಲಿ ಕಾಲಿಗೆ ಗಾಯ ಮಾಡಿಕೊಂಡು ಹೋರಾಡಿದ ವೀರ, 1780ರಲ್ಲಿ ವೆಸ್ಟ್ ಪಾಯಿಂಟ್ ಕೋಟೆಯನ್ನು ಶತ್ರುಗಳಿಗೆ ಒಪ್ಪಿಸಲು ಹೊರಟ ದ್ರೋಹಿ. ಸರಟೋಗಾದಲ್ಲಿ ಅವನ ಕಾಲಿನ ಬೂಟಿಗೆ ಸ್ಮಾರಕವಿದೆ, ಅದರ ಮೇಲೆ ಅವನ ಹೆಸರಿಲ್ಲ. ದ್ರೋಹಿಯ ಬದುಕನ್ನು ಮಕ್ಕಳಿಗೆ ಹೇಳಬಹುದೆಂದು ಒಪ್ಪಿದ ದಿನ ಮಕ್ಕಳ ಜೀವನಚರಿತ್ರೆ ಸನ್ಮಾನ ಪತ್ರವಾಗುವುದನ್ನು ಬಿಟ್ಟು ಚರಿತ್ರೆಯಾಯಿತು. ಸ್ಟೀವ್ ಶೈಂಕಿನ್ 2010ರಲ್ಲಿ ಅದೇ ಆರ್ನಲ್ಡ್‌ನನ್ನು ಇನ್ನಷ್ಟು ವಿಸ್ತಾರವಾಗಿ ಬರೆದರು.

ನಾಯಕ ಮತ್ತು ಚರಿತ್ರೆಯ ವ್ಯತ್ಯಾಸಕ್ಕೆ ಮೈಸೂರಿನ ಹೆಸರೇ ಒಂದು ಸಾಕ್ಷಿ ಒದಗಿಸುತ್ತದೆ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆ, ಜೋಶುವಾ ಬಾರ್ನಿಯ ನಾಯಕತ್ವದಲ್ಲಿ, ಜನರಲ್ ಮಾಂಕ್ ಎಂಬ ಬ್ರಿಟಿಷ್ ನೌಕೆಯನ್ನು ವಶಪಡಿಸಿಕೊಂಡಿತು. ಗೆದ್ದ ನೌಕೆಯ ಹೆಸರು ಹೈದರ್ ಅಲಿ. ಸೋತ ನೌಕೆಯೂ ಹಿಂದೆ ಅಮೆರಿಕನ್ನರದೇ. ಬ್ರಿಟಿಷರ ಕೈಸೇರುವ ಮೊದಲು ಅದರ ಹೆಸರು ಜನರಲ್ ವಾಷಿಂಗ್ಟನ್. ಫಿಲಿಪ್ ಫ್ರೆನೊ ಎಂಬ ಕವಿ ಹೈದರ್ ಅಲಿ ನೌಕೆಯ ಮೇಲೆ ಪದ್ಯ ಕಟ್ಟಿದ. ಹೈದರ್ ಬ್ರಿಟಿಷರನ್ನು ಎದುರಿಸಿದ ದೊರೆ ಎಂಬಷ್ಟೇ ಆ ಅಮೆರಿಕನ್ನರಿಗೆ ಸಾಕಾಗಿತ್ತು. ಶ್ರೀರಂಗಪಟ್ಟಣದ ಹೈದರನ ಬದುಕಿನ ಏರಿಳಿತಗಳು ಅವರಿಗೆ ಬೇಕಿರಲಿಲ್ಲ. ವೀರನನ್ನು ಮಾಡಲು ಹೆಸರು ಸಾಕು. ಚರಿತ್ರೆ ಬರೆಯಲು ಬದುಕು ಬೇಕು.

5. ದಾಖಲೆ ಯಾರದು?

ಇಷ್ಟು ಹೇಳಿದ ಮೇಲೆ ಫ್ರಿಟ್ಜ್ ಅವರ ಕಟ್ಟಳೆಯೇ ಅಂತಿಮ ಎಂದು ತೀರ್ಪು ಕೊಡಬಹುದಿತ್ತು. ಆದರೆ ಅದು ಎಲ್ಲರಿಗೂ ಸಮನಾಗಿ ಅನ್ವಯಿಸುವುದಿಲ್ಲ. ವಾಷಿಂಗ್ಟನ್‌ನ ಕಾಗದಪತ್ರಗಳು ಸಂಪುಟಗಟ್ಟಲೆ ಇವೆ. ಅವನು ಸಾಯುವಾಗ ಮೌಂಟ್ ವರ್ನನ್‌ನಲ್ಲಿದ್ದ 317 ಮಂದಿ ಗುಲಾಮರಲ್ಲಿ ಬಹುತೇಕರ ಬಗ್ಗೆ ಉಳಿದಿರುವುದು ಹೆಸರು, ವಯಸ್ಸು, ಕೆಲಸ. ದಾಖಲೆಯಿದ್ದರೆ ಮಾತ್ರ ಬರೆಯಿರಿ ಎಂದರೆ, ಬರೆಯಲು ಕಲಿಯದಂತೆ ತಡೆಯಲ್ಪಟ್ಟವರನ್ನು ಎರಡನೆಯ ಬಾರಿ ಹೊರಗಿಟ್ಟಂತೆ.

ವರ್ಜೀನಿಯಾದ ಮೂಲನಿವಾಸಿ ಹುಡುಗಿ ಪೊಕಾಹೊಂಟಾಸ್ ವಿಷಯದಲ್ಲಿ ದಾಖಲೆ ಇದೆ, ಆದರೆ ಅದು ಅವಳದಲ್ಲ. ಇಂಗ್ಲಿಷ್ ವಸಾಹತುಗಾರ ಜಾನ್ ಸ್ಮಿತ್‌ನ ಪ್ರಾಣವನ್ನು ಅವಳು ಉಳಿಸಿದ ಕಥೆ 1608ರ ಅವನ ಮೊದಲ ವರದಿಯಲ್ಲಿ ಇಲ್ಲ. ವಿವರವಾಗಿ ಬರುವುದು 1624ರ ಪುಸ್ತಕದಲ್ಲಿ. ಆ ವೇಳೆಗೆ, 1617ರಲ್ಲಿಯೇ, ಅವಳು ಇಂಗ್ಲೆಂಡಿನ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಿದ್ದಳು, ಇಲ್ಲವೆನ್ನಲು ಅವಳಿಲ್ಲ. 1607ರಲ್ಲಿ ಅವಳು ಹತ್ತು ಹನ್ನೊಂದರ ಆಸುಪಾಸಿನ ಹುಡುಗಿ. ಆದರೂ ಎಷ್ಟೋ ಪುಸ್ತಕಗಳು ಅವಳನ್ನು ಪ್ರೇಮಕಥೆಯ ನಾಯಕಿ ಮಾಡಿದವು. ಅಬೆನಾಕಿ ಎಂಬ ಮೂಲನಿವಾಸಿ ಸಮುದಾಯದವರೆಂದು ಗುರುತಿಸಿಕೊಂಡ ಲೇಖಕ ಜೋಸೆಫ್ ಬ್ರೂಶಾಕ್ 2003ರಲ್ಲಿ ಅವಳ ಕಥೆಯನ್ನು ಅವಳ ದನಿಯಲ್ಲೂ ಸ್ಮಿತ್‌ನ ದನಿಯಲ್ಲೂ ಅಧ್ಯಾಯ ಬಿಟ್ಟು ಅಧ್ಯಾಯ ಹೇಳಿ, ಅದನ್ನು ಕಾದಂಬರಿ ಎಂದೇ ಕರೆದರು. ಹಾಗೆ ಕರೆದದ್ದರಲ್ಲಿ ಪ್ರಾಮಾಣಿಕತೆ ಇದೆ.

ಗುಲಾಮನಾಗಿ ಬಂದು, ದುಡಿದು ತನ್ನ ಬಿಡುಗಡೆಯನ್ನು ತಾನೇ ಕೊಂಡು, ನ್ಯೂ ಹ್ಯಾಂಪ್‌ಶೈರ್‌ನ ಜಾಫ್ರಿಯಲ್ಲಿ ಚರ್ಮ ಹದ ಮಾಡುತ್ತ ಬದುಕಿ 1801ರಲ್ಲಿ ತೀರಿಕೊಂಡ ಅಮೋಸ್ ಫಾರ್ಚೂನ್‌ನ ಚರಿತ್ರೆಗೆ ಎಲಿಜಬೆತ್ ಯೇಟ್ಸ್ 1951ರ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಪಡೆದರು. ಉಯಿಲು, ರಸೀದಿಗಳು, ಸಮಾಧಿಯ ಕಲ್ಲು: ಉಳಿದಿದ್ದ ಆಧಾರ ಇಂಥದ್ದು. ಅವನ ಒಳಮನಸ್ಸನ್ನು ಲೇಖಕಿ ತುಂಬಿದರು. ತುಂಬಿದ ಮನಸ್ಸು ಅತಿಯಾಗಿ ತಾಳ್ಮೆಯದು, ಬಿಳಿಯ ಓದುಗರಿಗೆ ನೆಮ್ಮದಿ ಕೊಡುವಂಥದು ಎಂದು ಮುಂದಿನ ವಿಮರ್ಶಕರು ಆಕ್ಷೇಪಿಸಿದರು. ವೀಮ್ಸ್ ತುಂಬಿದ್ದು ತನ್ನ ಕಾಲದ ನೀತಿಯನ್ನು. ಯೇಟ್ಸ್ ತುಂಬಿದ್ದೂ ತಮ್ಮ ಕಾಲದ ನೀತಿಯನ್ನೇ. ಖಾಲಿ ಜಾಗ ಬರೆಯುವವರ ಮುಖವನ್ನೇ ಮರಳಿ ತೋರಿಸುತ್ತದೆ.

ಹಾಗಿದ್ದರೆ ದಾರಿಯಿಲ್ಲವೇ? ಇದೆ. ಓನಾ ಜಡ್ಜ್ ವಾಷಿಂಗ್ಟನ್ ಮನೆಯಲ್ಲಿ ಮಾರ್ಥಾಳ ಸೇವೆಗಿದ್ದ ಯುವತಿ. ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ನೆಲೆಸಿದ ಗುಲಾಮರು ಸ್ವತಂತ್ರರಾಗುವ ಕಾನೂನಿತ್ತು. ಅದು ಅನ್ವಯವಾಗದಂತೆ ಅಧ್ಯಕ್ಷರ ಮನೆಯವರು ಅವಧಿ ತುಂಬುವ ಮೊದಲೇ ಗುಲಾಮರನ್ನು ರಾಜ್ಯದ ಗಡಿ ದಾಟಿಸಿ ಕರೆತರುತ್ತಿದ್ದರು. 1796ರ ಮೇ 21ರಂದು ಫಿಲಡೆಲ್ಫಿಯಾದಿಂದ ಅವಳು ತಪ್ಪಿಸಿಕೊಂಡಳು. ಅವಳನ್ನು ಹಿಡಿದುಕೊಟ್ಟವರಿಗೆ ಬಹುಮಾನವೆಂಬ ಜಾಹೀರಾತು ಪತ್ರಿಕೆಗಳಲ್ಲಿ ಬಂತು. ಸಿಗಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬದುಕಿ, 1840ರ ದಶಕದಲ್ಲಿ ಗುಲಾಮಗಿರಿ ವಿರೋಧಿ ಪತ್ರಿಕೆಗಳಿಗೆ ಎರಡು ಸಂದರ್ಶನ ಕೊಟ್ಟು, 1848ರಲ್ಲಿ ತೀರಿಕೊಂಡಳು. ಕಾನೂನಿನ ಕಣ್ಣಿನಲ್ಲಿ ಕೊನೆಯವರೆಗೂ ಗುಲಾಮಳಾಗಿಯೇ. ಯಜಮಾನರ ಜಾಹೀರಾತು, ಅವಳ ಸಂದರ್ಶನ: ಈ ಎರಡು ಬಗೆಯ ಕಾಗದಗಳನ್ನು ಎದುರುಬದುರು ಇಟ್ಟು ಇತಿಹಾಸಕಾರ್ತಿ ಎರಿಕಾ ಆರ್ಮ್‌ಸ್ಟ್ರಾಂಗ್ ಡನ್‌ಬಾರ್ 2017ರಲ್ಲಿ ಅವಳ ಚರಿತ್ರೆ ಬರೆದರು, 2019ರಲ್ಲಿ ಸಹಲೇಖಕಿಯೊಡನೆ ಎಳೆಯ ಓದುಗರ ಆವೃತ್ತಿಯೂ ಬಂತು. ಅವಳು ಏನನ್ನು ಕಂಡಿರಬೇಕು, ಏನೆಂದುಕೊಂಡಿರಬಹುದು ಎಂಬುದನ್ನು ಊಹೆಯೆಂದು ಕಾಣುವ ಹಾಗೆಯೇ ಬರೆಯಬಹುದು ಎಂಬುದಕ್ಕೆ ಅದು ಮಾದರಿ.

ವಿರುದ್ಧ ಉದಾಹರಣೆಯೂ ಅದೇ ಮನೆಯಿಂದ ಬರುತ್ತದೆ. 2016ರ ಜನವರಿಯಲ್ಲಿ ಸ್ಕಾಲಾಸ್ಟಿಕ್ ಸಂಸ್ಥೆ ವಾಷಿಂಗ್ಟನ್‌ನ ಗುಲಾಮ ಅಡುಗೆಯವ ಹರ್ಕ್ಯುಲೀಸ್ ಬಗ್ಗೆ ಒಂದು ಚಿತ್ರಪುಸ್ತಕ ಪ್ರಕಟಿಸಿತು. ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಕೇಕ್ ಮಾಡಲು ಸಕ್ಕರೆಯಿಲ್ಲದೆ ಪರದಾಡುವ ಕಥೆ. ಪುಟಗಳ ತುಂಬ ನಗುಮುಖದ ಅಡುಗೆಮನೆ. ಅದೇ ಹರ್ಕ್ಯುಲೀಸ್ 1797ರ ಫೆಬ್ರವರಿ 22ರಂದು, ವಾಷಿಂಗ್ಟನ್‌ನ 65ನೆಯ ಹುಟ್ಟುಹಬ್ಬದ ದಿನವೇ, ಮೌಂಟ್ ವರ್ನನ್‌ನಿಂದ ತಪ್ಪಿಸಿಕೊಂಡು ಹೋಗಿದ್ದ. ಆ ಸಂಗತಿ ಪುಸ್ತಕದಲ್ಲಿ ಇಲ್ಲವೆಂದಲ್ಲ, ಕೊನೆಯ ಟಿಪ್ಪಣಿಯಲ್ಲಿತ್ತು. ತೀವ್ರ ಆಕ್ಷೇಪಣೆ ಎದ್ದು ಕೆಲವೇ ದಿನಗಳಲ್ಲಿ ಪ್ರಕಾಶಕರು ಪುಸ್ತಕವನ್ನು ಹಿಂದಕ್ಕೆ ಪಡೆದರು. ಹಿಂದಕ್ಕೆ ಪಡೆದದ್ದು ಸರಿಯೇ ಎಂಬ ಬಗ್ಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ಪರವಾದ ಸಂಸ್ಥೆಗಳು ಪ್ರಶ್ನೆ ಎತ್ತಿದವು. ಆ ಪ್ರಶ್ನೆ ನ್ಯಾಯವಾದದ್ದೇ. ಪುಸ್ತಕಕ್ಕೆ ಉತ್ತರ ಇನ್ನೊಂದು ಪುಸ್ತಕವೇ ಹೊರತು ಕಪಾಟು ಖಾಲಿ ಮಾಡುವುದಲ್ಲ. ಆದರೆ ಈ ಪ್ರಕರಣ ಕಲಿಸುವ ಪಾಠ ಸ್ಪಷ್ಟ: ಚಿತ್ರ ಮತ್ತು ಕಥೆ ಒಂದು ಹೇಳಿ, ಟಿಪ್ಪಣಿ ಇನ್ನೊಂದು ಹೇಳಿದರೆ, ಮಗುವಿನ ಮನಸ್ಸಿಗೆ ಇಳಿಯುವುದು ಚಿತ್ರ. ಸತ್ಯವನ್ನು ಹಿಂದಿನ ಪುಟದಲ್ಲಿ ಬಚ್ಚಿಟ್ಟರೆ ಹೇಳಿದಂತಾಗುವುದಿಲ್ಲ.

6. ಕೆಲವು ತತ್ತ್ವಗಳು

ಈ ಎರಡು ಶತಮಾನಗಳ ಅನುಭವದಿಂದ ಕೆಲವು ತತ್ತ್ವಗಳನ್ನು ಎತ್ತಿಕೊಳ್ಳಬಹುದು ಎಂದು ನನ್ನ ಭಾವನೆ.

ಮೊದಲನೆಯದು, ಬದುಕಿದ್ದ ಮನುಷ್ಯನ ಬಾಯಿಗೆ ಹಾಕುವ ಮಾತಿಗೆ ಆಧಾರ ಇರಬೇಕು. ಆಧಾರವಿಲ್ಲದೆ ಮಾತಾಡಿಸಲೇಬೇಕಾದರೆ ಪುಸ್ತಕವನ್ನು ಕಥೆಯೆಂದು ಕರೆಯಬೇಕು. ಎರಡನೆಯದು, ಊಹೆ ನಿಷಿದ್ಧವಲ್ಲ. ಗುಟ್ಟಾದ ಊಹೆ ನಿಷಿದ್ಧ. ಇದು ನಮಗೆ ಗೊತ್ತಿಲ್ಲ ಎಂಬ ಸಾಲನ್ನು ಓದಿದ ಮಗು ನಿರಾಶೆಗೊಳ್ಳುವುದಿಲ್ಲ. ಹುಡುಕಲು ಇನ್ನೂ ಏನೋ ಉಳಿದಿದೆಯೆಂದು ಕಣ್ಣರಳಿಸುತ್ತದೆ. ಮೂರನೆಯದು, ಕಹಿಯಾದ ಸಂಗತಿಗೆ ಕಥೆಯ ಒಡಲಿನಲ್ಲಿಯೇ ಜಾಗ ಬೇಕು. ನಾಲ್ಕನೆಯದು, ಒಬ್ಬರ ಬದುಕನ್ನು ಬರೆಯುವಾಗ ಆ ಮನೆಯಲ್ಲಿ ಅಡುಗೆ ಮಾಡಿದವರನ್ನೂ ಹೊಲ ಉತ್ತವರನ್ನೂ ಕಾಣಿಸಬೇಕು. ಐದನೆಯದು, ಬಾಲ್ಯವನ್ನು ಭವಿಷ್ಯವಾಣಿ ಮಾಡಬಾರದು.

ಇಷ್ಟು ಕಟ್ಟುಪಾಡು ಹಾಕಿದರೆ ಮಕ್ಕಳಿಗೆ ಆದರ್ಶ ಉಳಿಯುವುದಿಲ್ಲ ಎಂದು ಅಂಜುವವರಿದ್ದಾರೆ. ಆದರ್ಶಕ್ಕೆ ಬೇಕಾದದ್ದು ಕಳಂಕವಿಲ್ಲದ ಮನುಷ್ಯನಲ್ಲ. ಆಯ್ಕೆಯ ಮುಂದೆ ನಿಂತ ಮನುಷ್ಯ. ತನ್ನ ಪಾಲಿನ ಗುಲಾಮರನ್ನು ಬಿಡುಗಡೆ ಮಾಡುವಂತೆ ಉಯಿಲು ಬರೆದ ವಾಷಿಂಗ್ಟನ್ ಮತ್ತು ಓನಾಳನ್ನು ಹಿಡಿದು ತರಿಸಲು ಯತ್ನಿಸಿದ ವಾಷಿಂಗ್ಟನ್ ಇಬ್ಬರೂ ಒಬ್ಬನೇ. ಇಬ್ಬರನ್ನೂ ಒಟ್ಟಿಗೆ ಕಂಡ ಮಗು, ಒಳ್ಳೆಯತನ ಹುಟ್ಟಿನಿಂದ ಬರುವುದಿಲ್ಲ, ಪ್ರತಿ ಸಲವೂ ಆರಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಕಲಿಯುತ್ತದೆ. ಚೆರ್ರಿ ಮರದ ಕಥೆ ಕಲಿಸಲು ಹೊರಟದ್ದಕ್ಕಿಂತ ಇದು ಕಷ್ಟದ ಪಾಠ. ಬದುಕಿಗೆ ಹೆಚ್ಚು ಒದಗುವ ಪಾಠವೂ ಹೌದು.

ಕನ್ನಡದಲ್ಲಿ ಮಕ್ಕಳಿಗೆ ಜೀವನಚರಿತ್ರೆ ಬರೆಯುವವರಿಗೂ ಪ್ರಕಟಿಸುವವರಿಗೂ ಶಾಲೆಗಳಿಗೆ ಆರಿಸುವವರಿಗೂ ನನ್ನದೊಂದು ಬಿನ್ನಹ. ವಸ್ತು ಅಮೆರಿಕದ್ದಾಗಲಿ, ಕಿತ್ತೂರಿನದಾಗಲಿ, ಮುಂದಿನ ಪುಸ್ತಕವನ್ನು ಕೈಗೆತ್ತಿಕೊಂಡಾಗ ಪ್ರತಿ ಪ್ರಸಂಗದ ಪಕ್ಕದಲ್ಲಿ ಇದು ನನಗೆ ಹೇಗೆ ಗೊತ್ತು ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಅದನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಕಥೆಯೊಳಗೇ ಹೇಳಿ. ಸಿಗದಿದ್ದರೆ ಸಿಗಲಿಲ್ಲವೆಂದು ಹೇಳಿ. ಶಿಕ್ಷಕರೇ, ಸಾಧ್ಯವಾದಲ್ಲೆಲ್ಲ, ಒಬ್ಬರೇ ವ್ಯಕ್ತಿಯ ಬಗ್ಗೆ ಒಂದಕ್ಕೊಂದು ಒಪ್ಪದ ಎರಡು ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಿ, ಯಾವುದನ್ನು ಏಕೆ ನಂಬುತ್ತೀರಿ ಎಂದು ಅವರನ್ನೇ ಕೇಳಿ. ನಮ್ಮನ್ನು ನಂಬಿ ಓದುವವರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ ಇದು.